‘ಕ್ರಿಸ್ಪಿ’ ಪದದ ಮೂಲ ಯಾವುದು?

ಪ್ರಶ್ನೆ: ಹೋಟೆಲ್ ಮೆನುಗಳಲ್ಲಿ ಕಾಣುವ ‘ಕ್ರಿಸ್ಪಿ’ ಪದದ ಅರ್ಥವೇನು? ಅದು ಬಂದದ್ದು ಎಲ್ಲಿಂದ?

ಉತ್ತರ: ಹಲ್ಲಿಗೆ ಸಿಕ್ಕೊಡನೆ ಸದ್ದು ಮಾಡಿ ಮುರಿಯುವ, ಗರಿಗರಿಯಾದ ತಿನಿಸನ್ನು ಇಂಗ್ಲಿಷಿನಲ್ಲಿ ‘ಕ್ರಿಸ್ಪ್’ ಅಥವಾ ‘ಕ್ರಿಸ್ಪಿ’ ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್ನಿನ ‘ಕ್ರಿಸ್ಪುಸ್’, ಅರ್ಥ, ಗುಂಗುರು. ಹಳೆಯ ಇಂಗ್ಲಿಷಿನಲ್ಲೂ ಅದು ಗುಂಗುರು ಕೂದಲಿಗೇ ಸಲ್ಲುತ್ತಿತ್ತು. ‘ಸುಲಭವಾಗಿ ಮುರಿಯುವ’ ಎಂಬ ಅರ್ಥ ಸೇರಿದ್ದು 16ನೇ ಶತಮಾನದಲ್ಲಿ. ಪದದ ಉಚ್ಚಾರವೇ ಮುರಿಯುವ ಸದ್ದನ್ನು ಹೋಲುವುದು ಇದಕ್ಕೆ ಕಾರಣವಿರಬಹುದು ಎಂಬ ಊಹೆಯಿದೆ.

ಇನ್ನು ತಿನಿಸು ಗರಿಗರಿಯಾಗುವುದು ಹೇಗೆ? ಆಲೂಗಡ್ಡೆಯ ತೆಳು ಹೋಳನ್ನು ಕಾದ ಎಣ್ಣೆಗೆ ಬಿಟ್ಟಾಗ ಏಳುವ ಗುಳ್ಳೆಗಳು ಹೊರಬೀಳುವ ನೀರಾವಿ. ಗುಳ್ಳೆ ನಿಲ್ಲುವ ಹೊತ್ತಿಗೆ ಬಹುತೇಕ ತೇವವೆಲ್ಲ ಹೋಗಿ ಹೋಳು ಗರಿಗರಿಯಾಗಿರುತ್ತದೆ. ಡಬ್ಬಿಯ ಮುಚ್ಚಳ ಹಾಕದಿದ್ದರೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ನಾವು ‘ಚಿಪ್ಸ್’ ಎನ್ನುವ ಈ ತಿನಿಸಿಗೆ ಬ್ರಿಟನ್ನಿನಲ್ಲಿ ‘ಕ್ರಿಸ್ಪ್ಸ್’ ಎಂದೇ ಹೆಸರು.