ಗೋದಾಮಿನಿಂದ ಬಂದ ಶಹಭಾಸ್‌ಗಿರಿ

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಹಡಗಿಗೆ ವಿಮೆ ಬರೆಯುವವರಿಗೆ ಒಂದೇ ಚಿಂತೆ: ಇದು ದಡ ಸೇರುತ್ತದೋ, ನಡುನೀರಲ್ಲಿ ಮುಳುಗುತ್ತದೋ? ಹಿಂದೆ ಎಡ್ವರ್ಡ್ ಲಾಯ್ಡ್ ಎಂಬಾತ ತೆರೆದಿದ್ದ ಕಾಫಿ ಅಂಗಡಿಯ ಗಿರಾಕಿಗಳು 1760ರಲ್ಲಿ ಸಂಘ ಕಟ್ಟಿಕೊಂಡು ಹಡಗುಗಳ ಜಾತಕ ಬರೆಯತೊಡಗಿದರು. ಹಡಗಿನ ಒಡಲಿಗೊಂದು ಅಕ್ಷರ, ಹಗ್ಗ-ಲಂಗರುಗಳಿಗೊಂದು ಅಂಕಿ. 1775ರ ಹೊತ್ತಿಗೆ ಎರಡರಲ್ಲೂ ಗಟ್ಟಿಯಾದ ಹಡಗು ‘ಎ 1’ ಆಯಿತು. ಸುಮಾರು ಅರವತ್ತು ವರ್ಷ ಕಳೆಯುವಷ್ಟರಲ್ಲಿ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್‌ನಲ್ಲಿ ಜೈಲಿನ ಕಾವಲುಗಾರ ಅದನ್ನು ಮನುಷ್ಯನಿಗೇ ಅಂಟಿಸಿಬಿಟ್ಟ. ‘ಮಸಾಲೆದೋಸೆ ಎ-ಒನ್’ ಎನ್ನುವ ನಾವೂ ಆ ಲಂಗರನ್ನೇ ಹೊಗಳುತ್ತಿದ್ದೇವೆ.

ಹಳೆಯ ಬ್ರಿಟಿಷರ ಮೆಚ್ಚುಗೆಯ ಆಡುಮಾತುಗಳ ಬೆನ್ನು ಹತ್ತಿದರೆ ಕವಿಗಳಿಗಿಂತ ಸರಕು ತಟ್ಟಿ ನೋಡುವ ವ್ಯಾಪಾರಿಗಳೇ ಹೆಚ್ಚು ಸಿಗುತ್ತಾರೆ. ‘ಫಸ್ಟ್ ಚಾಪ್’ ಎಂದರೆ ಮೊದಲ ದರ್ಜೆಯದು. ಈ ಚಾಪ್ ನಮ್ಮ ಛಾಪಾ ಕಾಗದದ ಛಾಪು, ಮುದ್ರೆ. ಭಾರತದಲ್ಲಿ ಕಲಿತ ಮಾತನ್ನು ಈಸ್ಟ್ ಇಂಡಿಯಾ ಕಂಪನಿಯ ವರ್ತಕರು ಚೀನಾದ ಬಂದರುಗಳಿಗೂ ಒಯ್ದರು. ಅಲ್ಲಿ ಒಂದೇ ಮುದ್ರೆಯ ಚಹಾ ಪೆಟ್ಟಿಗೆಗಳ ರಾಶಿಗೆ ಚಾಪ್ ಎಂದೇ ಹೆಸರಾಯಿತು. ‘ಪಕ್ಕಾ’ ಕೂಡ ಹಾಗೆಯೇ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಅಳೆದ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಕಕ್ಕೆ, ಇಟ್ಟಿಗೆ ಗಾರೆಯ ಮನೆಗೆ ಸಲ್ಲುತ್ತಿದ್ದ ಗುಣ ಕೊನೆಗೆ ‘ಪಕ್ಕಾ ಸಾಹೇಬ’ನ ಹೆಗಲೇರಿತು.

ತಮಾಷೆಯೆಂದರೆ ‘ದ ಚೀಸ್’. ಹತ್ತೊಂಬತ್ತನೇ ಶತಮಾನದ ಲಂಡನ್ ಶೋಕಿಲಾಲರಿಗೆ ಇದು ಅಪ್ಪಟ, ಅಸಲಿ ಎಂಬರ್ಥದ ಮಾತು. ಹಾಲಿನ ಚೀಸಿಗೂ ಇದಕ್ಕೂ ಸಂಬಂಧವಿಲ್ಲ, ಇದು ಪಾರಸಿಯ ‘ಚೀಜ್’ ಎನ್ನುತ್ತದೆ ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಹೊರಬಂದ ಹಾಬ್ಸನ್-ಜಾಬ್ಸನ್ ನಿಘಂಟು. ‘ಏನ್ ಚೀಜಪ್ಪಾ ಇದು!’ ಎಂದು ಉದ್ಗರಿಸುವ ಕನ್ನಡಿಗರಿಗೆ ಇದನ್ನು ನಂಬಲು ಕಷ್ಟವಾಗಲಾರದು.

ಭೇಷ್ ಎಂಬರ್ಥದ ರಿಪ್ಪಿಂಗ್, ಟಾಪಿಂಗ್, ಸ್ಪಿಫಿಂಗ್‌ಗಳದು ಬೇರೆ ಕಥೆ. ಸಿರಿವಂತರ ವಸತಿ ಶಾಲೆಗಳ ಹುಡುಗರು ಇವನ್ನು ಬಾಯ್ತುಂಬ ಆಡಿದರು, ಹಾಸ್ಯ ಲೇಖಕ ವುಡ್‌ಹೌಸ್ ಪುಟ ತುಂಬ ಬರೆದ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ತರುಣರು ‘ವಿಜಾರ್ಡ್’ ಸೇರಿಸಿದರು. ಇಂದು ಯಾರಾದರೂ ಇವನ್ನು ಬಳಸಿದರೆ ಅಣಕಕ್ಕೆ ಮಾತ್ರ. ಒಂದು ವರ್ಗದ ಠೀವಿಗೆ ಅಂಟಿಕೊಂಡಿದ್ದ ಮಾತುಗಳು ಆ ಠೀವಿಯ ಜೊತೆಗೇ ಸವೆದವು ಎಂದೇ ನನಗನ್ನಿಸುತ್ತದೆ.

ಪಕ್ಕಾ ಮಾತ್ರ ಸಾಹೇಬನ ಹೆಗಲಿಳಿದು ಬದುಕಿಕೊಂಡಿತು. ಲೆಸ್ಟರ್‌ಶೈರಿನಲ್ಲಿ 1963ರಲ್ಲಿ ಶುರುವಾದ ಪೈ ಕಂಪನಿಯೊಂದಕ್ಕೆ ಪಕ್ಕಾ ಪೈಸ್ ಎಂದೇ ಹೆಸರು. ಅದರ ಮಾಂಸದ ಕಡುಬು ಫುಟ್‌ಬಾಲ್ ಮೈದಾನಗಳಲ್ಲಿ ಬಿಕರಿಯಾಗುತ್ತದೆ. 1999ರಲ್ಲಿ ಜೇಮಿ ಆಲಿವರ್ ಎಂಬ ಎಸೆಕ್ಸ್‌ನ ಹುಡುಗ ಟಿವಿಯಲ್ಲಿ ಅಡುಗೆ ಮಾಡುತ್ತಾ ಮಾತುಮಾತಿಗೂ ‘ಪಕ್ಕಾ’ ಎಂದಾಗ, ಅದು ಅವನದೇ ಟಂಕಸಾಲೆಯ ನಾಣ್ಯವೆಂದು ಎಳೆಯ ಪ್ರೇಕ್ಷಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ.