ಕುಡಿತ ಬಿಡಿಸೋಕೆ ಊರಿನ ಫ್ಯಾಮಿಲಿ ಡಾಕ್ಟರ್ ಸಾಕಾಗ್ತಾರಾ?

ಇವತ್ತು ಒಂದು ನೇರ ಪ್ರಶ್ನೆ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಮನೇಲಿ ಒಬ್ಬರಿಗೆ ಕುಡಿತದ ಚಟ ಹತ್ತಿದ್ರೆ ಏನು ಮಾಡ್ತಾರೆ? ಕೆಲವರು ದೇವರ ಮುಂದೆ ಆಣೆ ಮಾಡಿಸ್ತಾರೆ, ಕೆಲವರು ಮದ್ಯವರ್ಜನ ಶಿಬಿರಕ್ಕೆ ಕಳಿಸ್ತಾರೆ. ಜ್ವರ ಬಂದ್ರೆ ಓಡಿಹೋಗೋ ಡಾಕ್ಟರ್ ಹತ್ರ ಮಾತ್ರ ಈ ಮಾತು ಎತ್ತೋದೇ ಇಲ್ಲ.

ಆದ್ರೆ ಕುಡಿತ ಮೊದಲು ಹೋಗಿ ಕೂರೋದು ಅದೇ ಡಾಕ್ಟರ್ ಎದುರು, ಬೇರೆ ಹೆಸರಲ್ಲಿ. ಗ್ಯಾಸ್ಟ್ರಿಕ್ಕು, ನಿದ್ದೆ ಬರ್ತಿಲ್ಲ, ಕೈ ನಡುಗುತ್ತೆ, ಬೈಕಿಂದ ಬಿದ್ದೆ, ಬಿಪಿ ಇಳೀತಿಲ್ಲ. ಮಾತ್ರೆ ಬರೆದು ಕಳಿಸೋದು ಸುಲಭ. 'ದಿನಾ ಎಷ್ಟು ತಗೋತೀರಿ?' ಅಂತ ಬೈಯದೆ ಕೇಳಿದ ದಿನ, ಆ ಡಾಕ್ಟರ್ ಈ ಹಾದಿಗೆ ಕಾಲಿಟ್ಟ ಹಾಗೆ.

ನಾನು ಬಿಕಾಂ ಓದಿದವನು, ಲೆಕ್ಕ ಬೇಗ ತಲೆಗೆ ಹತ್ತುತ್ತೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದ್ದು ಸುಮಾರು ಒಬ್ಬರಿಗೆ. ಉಳಿದ 37 ಜನಕ್ಕೆ ಸಾಕಾಗುವಷ್ಟು ಮನೋವೈದ್ಯರು ನಮ್ಮಲ್ಲಿಲ್ಲ.

ಈಗ ಮುಖ್ಯ ವಿಷಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಂದೇ ಸಲ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಆಗಬಹುದು. ಮದ್ಯ ಮೆದುಳನ್ನ ಮಂಕು ಮಾಡುತ್ತೆ. ಅದಕ್ಕೆ ಹೊಂದಿಕೊಂಡ ಮೆದುಳು, ಮದ್ಯ ನಿಂತ ಕೂಡಲೇ ವಿಪರೀತ ಕೆರಳುತ್ತೆ. ಮೊದಲ ದಿನ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತೆ. ಮನೆಯವರು ಗಾಳಿ ಸೋಕಿದೆ ಅಂತಾರೆ. ಅದು ಗಾಳಿ ಅಲ್ಲ, ಡೆಲಿರಿಯಂ ಟ್ರೆಮೆನ್ಸ್, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಅಷ್ಟು ತೀವ್ರ ಇಲ್ಲದಿದ್ರೆ, ತರಬೇತಿ ಪಡೆದ ಎಂಬಿಬಿಎಸ್ ಡಾಕ್ಟರೇ ನರ ಶಾಂತ ಮಾಡೋ ಮಾತ್ರೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸ್ತಾರೆ. ಜೊತೆಗೆ ಥಯಾಮಿನ್, ಅಂದ್ರೆ ಬಿ1 ವಿಟಮಿನ್.

ಈ ತರಬೇತಿ ಎಲ್ಲಿಂದ? ಬೆಂಗಳೂರಿನ ನಿಮ್ಹಾನ್ಸ್‌ನ ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್‌ನಲ್ಲಿ ಡಾಕ್ಟರುಗಳು ವಿಡಿಯೊ ಕಾಲ್‌ನಲ್ಲಿ ಸೇರಿ, ತಮ್ಮ ರೋಗಿಯ ಹೆಸರು ಹೇಳದೆ ಕೇಸ್ ಮುಂದಿಡ್ತಾರೆ, ತಜ್ಞರ ಜೊತೆ ಚರ್ಚಿಸ್ತಾರೆ. ಇದರ ಮೂಲ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಎಕೊ. ಅದು ಹುಟ್ಟಿದ್ದು ಲಿವರ್ ಕಾಯಿಲೆಗಾಗಿ. ರೋಗಿ ಊರು ಬಿಡಬೇಕಿಲ್ಲ, ತಿಳಿವಳಿಕೆಯೇ ಊರಿಗೆ ಬರುತ್ತೆ. ಕೈಮೀರಿದ ಕೇಸ್‌ಗೆ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದ್ದೇ ಇದೆ.

ಒಂದು ಎಚ್ಚರಿಕೆ. 'ಗೊತ್ತಾಗದ ಹಾಗೆ ಸಾರಿಗೆ ಹಾಕಿ' ಅಂತ ಯಾರಾದ್ರೂ ಪುಡಿ ಕೊಟ್ರೆ ತಗೋಬೇಡಿ. ಅದರಲ್ಲಿ ಡೈಸಲ್ಫಿರಾಂ ಇದ್ದು, ಅವರು ತಿಳಿಯದೆ ಮೇಲೆ ಕುಡಿದ್ರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಒಪ್ಪಿಗೆ ಇಲ್ಲದ ಔಷಧಿ ಚಿಕಿತ್ಸೆ ಅಲ್ಲ.

ಒಂದು ಸಲ ಬಿಟ್ಟು ಮತ್ತೆ ಕುಡಿದ್ರೆ ಎಲ್ಲಾ ಮುಗೀತು ಅಂದ್ಕೋಬೇಡಿ. ಶುಗರ್ ಏರಿದ್ರೆ ಮತ್ತೆ ಡಾಕ್ಟರ್ ಹತ್ರ ಹೋಗಲ್ವಾ? ಇದೂ ಹಾಗೇ. ವರ್ಷಗಟ್ಟಲೆ ಅದೇ ಮನೆಯವರನ್ನ ನೋಡ್ತಾ ಬಂದಿರೋ ಫ್ಯಾಮಿಲಿ ಡಾಕ್ಟರ್‌ಗೆ ಇರೋ ಬಲ ಅದೇ.

ಸಹಾಯ ಬೇಕಾ? ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ. ನಂಬರ್ ಸೇವ್ ಮಾಡ್ಕೊಳ್ಳಿ, ಬೇಕಾದವರಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.