ಚೀಟಿಯಲ್ಲಿ 3.45 ಹೆಚ್ಚೋ, 3.5 ಹೆಚ್ಚೋ?

ನಿನ್ನೆ ಬೆಳಿಗ್ಗೆ ಚೀಟಿಯಲ್ಲಿ ಫ್ಯಾಟ್ 3.45, ಇಂದು ಬೆಳಿಗ್ಗೆ 3.5. ನಲವತ್ತೈದಕ್ಕಿಂತ ಐದು ಚಿಕ್ಕದಲ್ಲವೇ ಎಂದು ಕೆಲವರು ಜಿಡ್ಡು ಇಳಿಯಿತೆಂದೇ ತಿಳಿದು ಹಿಂಡಿ ಬದಲಿಸುತ್ತಾರೆ. ನಿಜವಾಗಿ ಏರಿದೆ. ಬಿಂದುವಿನ ನಂತರದ ಮೊದಲ ಅಂಕಿ ಹತ್ತನೇ ಭಾಗ, ಎರಡನೆಯದು ನೂರನೇ ಭಾಗ. 3.5ರ ಕೊನೆಗೊಂದು ಸೊನ್ನೆ ಸೇರಿಸಿ 3.50 ಎಂದು ಓದಿರಿ. ಜಿಡ್ಡಿನ ಪ್ರಮಾಣ ಬದಲಾಗದು, ಹೋಲಿಕೆ ಸುಲಭವಾಗುತ್ತದೆ. ಶೇಕಡಾ 3.50 ಎಂದರೆ 100 ಕಿಲೋ ಹಾಲಿನಲ್ಲಿ ಮೂರೂವರೆ ಕಿಲೋ ಜಿಡ್ಡು, 3.45 ಎಂದರೆ ಅದಕ್ಕಿಂತ 50 ಗ್ರಾಂ ಕಡಿಮೆ. ಆದರೆ 3.05 ಬೇರೆಯೇ ಮಾತು. ನಡುವಿನ ಸೊನ್ನೆಯನ್ನು ನುಂಗಿ ಓದಿದರೆ 450 ಗ್ರಾಂ ವ್ಯತ್ಯಾಸ!

ಸಣ್ಣ ಏರಿಳಿತಕ್ಕೆಲ್ಲ ಹಿಂಡಿ ದಿಢೀರನೆ ಬದಲಿಸಬೇಡಿ, ಹಸುವಿನ ಜೀರ್ಣಕ್ರಿಯೆ ಕೆಡುತ್ತದೆ. ಸಂಜೆಯ ಹಾಲಿನಲ್ಲಿ ಸಾಮಾನ್ಯವಾಗಿ ಜಿಡ್ಡು ಹೆಚ್ಚು. ಬೆಳಗಿನ ಚೀಟಿಯನ್ನು ಬೆಳಗಿನದರೊಂದಿಗೇ ಹೋಲಿಸಿರಿ.